ಬಿಸಿಲಿನ ಪೆಟ್ಟಿಗೆ

ಗೋಡೆಯ ಪರದೆಯ ಮೇಲೆ ಐವತ್ತೆಂಟು ಡಿಗ್ರಿ ಎಂದು ಮೂಡಿದಾಗ ನಾನು ಇನ್ನೂ ನಗುತ್ತಲೇ ಇದ್ದೆ.

ನಗದೆ ಇನ್ನೇನು ಮಾಡಲಿ? ಎಂ.ಟೆಕ್ಕಿನ ಕೊನೆಯ ವೈವಾ ಅದು. ಹುಬ್ಬಳ್ಳಿಯಿಂದ ಬಂದ ಪರೀಕ್ಷಕಿ ರಂಜನಾ ಮೇಡಂ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ ಎಂದು ಸೀನಿಯರುಗಳು ಮೊದಲೇ ಹೆದರಿಸಿದ್ದರು. ಅಂಥವರ ಬಾಯಿಂದ ಅರ್ಧ ಗಂಟೆಯಲ್ಲಿ ಎರಡು ಸಲ ‘ಗುಡ್’ ಹೊರಡಿಸಿದ್ದೆ. ನನ್ನ ಗೈಡ್ ಮಧುಕರ ಸರ್ ಹಿಂದಿನ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮಗಳ ಮದುವೆ ಸಾಂಗವಾಗಿ ನಡೆಯುತ್ತಿರುವುದನ್ನು ನೋಡುವ ಅಪ್ಪನ ಹಾಗೆ ಕುಳಿತಿದ್ದರು. ಕಿಟಕಿಯಾಚೆ ಕಾಳಿ ನದಿಯ ಮೇಲೆ ಜುಲೈ ತಿಂಗಳ ಮಳೆ ಹೊಯ್ಯುತ್ತಿತ್ತು. ನನಗೆ ಮಾತ್ರ ಒಳಗೆ ಹಬ್ಬ.

ವಿಶ್ವವಿದ್ಯಾಲಯದವರು ಸದಾಶಿವಗಡದಲ್ಲಿ ತೆರೆದ ಶಕ್ತಿ ಅಧ್ಯಯನ ಕೇಂದ್ರದಲ್ಲಿ ನಾನು ಓದಿದ್ದು ಬ್ಯಾಟರಿಗಳ ಬಗ್ಗೆ. ಮೊಬೈಲಿನದಲ್ಲ, ಹಗಲಿನ ಕರೆಂಟನ್ನು ತುಂಬಿಟ್ಟುಕೊಂಡು ಕತ್ತಲಾದ ಮೇಲೆ ಊರಿಗೆ ಊರೇ ಬೆಳಗುವಷ್ಟು ಕೊಡುವ ದೊಡ್ಡ ಬ್ಯಾಟರಿ ವ್ಯವಸ್ಥೆಗಳ ಬಗ್ಗೆ. ನನ್ನ ಪ್ರಾಜೆಕ್ಟು ಅದರ ಮರಿ. ಓಡಿ ಓಡಿ ದಣಿದ ಎಲೆಕ್ಟ್ರಿಕ್ ಸ್ಕೂಟರುಗಳ ಹಳೆಯ ಲಿಥಿಯಂ ಸೆಲ್ಲುಗಳನ್ನು ಬಿಚ್ಚಿ, ಆರಿಸಿ, ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿ, ಮಾಡಿನ ಮೇಲೆ ಸೋಲಾರ್ ಫಲಕ ಹಾಕಿ, ಅಂಕೋಲೆ ಹತ್ತಿರದ ನಮ್ಮ ಕೊಪ್ಪದ, ಅಂದರೆ ಕೇರಿಯ, ಮನೆಯಲ್ಲೇ ಇಟ್ಟಿದ್ದೆ. ನಮ್ಮ ಕರಾವಳಿಯ ಸೆಕೆ, ಉಪ್ಪುಗಾಳಿ, ಮಳೆಗೆ ಇಂಥ ಹಳೆಯ ಸೆಲ್ಲುಗಳು ಎಷ್ಟು ದಿನ ಬಾಳುತ್ತವೆ ಎಂದು ನೋಡುವುದೇ ಅಧ್ಯಯನ. ಪೆಟ್ಟಿಗೆಯೊಳಗಿನ ಸೆನ್ಸರು ಹತ್ತು ನಿಮಿಷಕ್ಕೊಮ್ಮೆ ಬಿಸಿಯನ್ನು ಅಳೆದು ಸಿಮ್ ಮೂಲಕ ನನಗೆ ಕಳಿಸುತ್ತಿತ್ತು. ಐವತ್ತೈದು ದಾಟಿದರೆ ಹತ್ತು ಸೆಕೆಂಡಿಗೊಮ್ಮೆ ಕಳಿಸಬೇಕೆಂದು ನಾನೇ ಅದಕ್ಕೆ ಹೇಳಿಕೊಟ್ಟಿದ್ದೆ. ಆ ಅಳತೆಯನ್ನು ವೈವಾ ನಡೆಯುವಾಗ ನೇರವಾಗಿ ಪರದೆಗೆ ಬಿಟ್ಟಿದ್ದೆ, ಬರೀ ಜಂಭಕ್ಕೆ.

“ಇದೇನು, ಐವತ್ತೆಂಟು?” ಎಂದರು ರಂಜನಾ ಮೇಡಂ.

“ಸೆನ್ಸರ್ ದೋಷ ಮೇಡಂ,” ಎಂದೆ. “ಮಳೆಗಾಲದಲ್ಲಿ ತೇವ ಹಿಡಿದು ಹೀಗೆ ಸುಳ್ಳು ಹೇಳುತ್ತದೆ. ಈಗ ಇಳಿಯುತ್ತದೆ, ನೋಡಿ.”

ಅರವತ್ತೊಂದು.

ಸೆನ್ಸರು ಸುಳ್ಳು ಹೇಳುತ್ತದೆ ಎಂದು ನಾನು ತೀರ್ಮಾನಿಸಿ ಹನ್ನೊಂದು ದಿನವಾಗಿತ್ತು. ಅಲ್ಲಿಯವರೆಗೆ ಪೆಟ್ಟಿಗೆಯ ಬಿಸಿ ಮೂವತ್ತು, ಮೂವತ್ತೆರಡು, ಹೆಚ್ಚೆಂದರೆ ಮೂವತ್ತೈದು. ಹನ್ನೊಂದು ದಿನದ ಹಿಂದೆ ಬೆಳಿಗ್ಗೆ ಏಳಕ್ಕೆ ಇದ್ದಕ್ಕಿದ್ದಂತೆ ನಲವತ್ತಾರು ಮುಟ್ಟಿ ಇಳಿಯಿತು. ಸಂಜೆ ಏಳಕ್ಕೆ ಮತ್ತೆ ನಲವತ್ತೆಂಟು. ಮರುದಿನವೂ ಹಾಗೇ. ಆ ಹೊತ್ತಿಗೆ ಬಿಸಿಲಿಲ್ಲ, ಬ್ಯಾಟರಿ ತುಂಬುತ್ತಲೂ ಇಲ್ಲ. ಚಾವಡಿಯ ಮೂಲೆಯಲ್ಲಿ, ತಂಪು ನೆಲದ ಮೇಲೆ ನಾನೇ ಕೂರಿಸಿ ಬಂದ ಪೆಟ್ಟಿಗೆ ಸುಮ್ಮಸುಮ್ಮನೆ ಬಿಸಿಯಾಗುವುದಾದರೂ ಹೇಗೆ? ಬಿಸಿಯಾಗುವ ಹಾಗಿಲ್ಲ, ಆದ್ದರಿಂದ ಆಗಿಲ್ಲ, ಆದ್ದರಿಂದ ಸೆನ್ಸರಿನ ತಪ್ಪು. ಇಷ್ಟು ನನ್ನ ತರ್ಕ. ಒಂದೇ ಸಾಲಿನ ಪ್ರೋಗ್ರಾಂ ಬರೆದು, ನಲವತ್ತರ ಮೇಲಿನದ್ದನ್ನೆಲ್ಲ ‘ತಪ್ಪು ಅಳತೆ’ ಎಂದು ವರದಿಯಿಂದ ಅಳಿಸಿಬಿಟ್ಟೆ. ಗ್ರಾಫಿನ ಗೆರೆ ಕೆರೆಯ ನೀರಿನ ಹಾಗೆ ಸಪಾಟಾಗಿ, ಚಂದವಾಗಿ ಬಂತು.

ಮನೆಗೆ ಫೋನ್ ಮಾಡಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಫೋನೇನೋ ದಿನವೂ ಮಾಡುತ್ತಿದ್ದೆ. ಊಟ ಆಯಿತೇ, ಬಂಗಡೆ ಸಿಕ್ಕಿತೇ, ನಾಟಿ ಯಾವತ್ತು ಎಂದೆಲ್ಲ ಕೇಳುತ್ತಿದ್ದೆ. ಪೆಟ್ಟಿಗೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಅದೆಲ್ಲ ಅವರಿಗೇನು ತಿಳಿಯುತ್ತದೆ ಎಂಬ ಸೊಕ್ಕು ನನಗೆ. ಇದನ್ನು ಈಗ ಮುಚ್ಚಿಟ್ಟು ಏನೂ ಆಗಬೇಕಾಗಿಲ್ಲ.

ಅರವತ್ತನಾಲ್ಕು. ಅರವತ್ತೇಳು.

ನನ್ನ ನಗು ಆಗ ನಿಂತಿತು. ಕೆಟ್ಟ ಸೆನ್ಸರು ನೆಗೆಯುತ್ತದೆ, ಬೀಳುತ್ತದೆ, ಮತ್ತೆ ನೆಗೆಯುತ್ತದೆ. ಇದು ಹಾಗೆ ಮಾಡಲಿಲ್ಲ. ಯಾರೋ ಅವಸರವಿಲ್ಲದೆ ಮೆಟ್ಟಿಲು ಹತ್ತುವಂತೆ ಒಂದೊಂದಾಗಿ ಹತ್ತುತ್ತಿತ್ತು. ಹತ್ತು ನಿಮಿಷದ ಹಿಂದೆ ಇದೇ ಪರದೆಯ ಮೇಲೆ ನಾನೇ ಬಣ್ಣದ ಚಿತ್ರ ತೋರಿಸಿ ವಿವರಿಸಿದ್ದೆ: ಎಂಬತ್ತು ದಾಟಿದ ಸೆಲ್ಲು ಹೊರಗಿನ ಬಿಸಿ ಇಲ್ಲದೆಯೂ ತನ್ನನ್ನು ತಾನೇ ಕಾಯಿಸಿಕೊಳ್ಳುತ್ತದೆ, ನೂರಮೂವತ್ತರ ಹತ್ತಿರ ಒಳಗಿನ ತೆಳು ಪೊರೆ ಕರಗುತ್ತದೆ, ಆಮೇಲೆ ಅದನ್ನು ನಿಲ್ಲಿಸುವುದು ಯಾರಿಂದಲೂ ಆಗದು. ಅದಕ್ಕೇ ಮೊದಲ ‘ಗುಡ್’ ಸಿಕ್ಕಿದ್ದು.

“ಮನೆಯಲ್ಲಿ ಯಾರಿದ್ದಾರೆ?” ರಂಜನಾ ಮೇಡಂ ಕೇಳಿದರು. ಅವರ ದನಿ ಬದಲಾಗಿತ್ತು.

“ಅಜ್ಜಿ,” ಎಂದೆ. “ಅಜ್ಜಿ ಒಬ್ಬಳೇ.”

ಅವತ್ತು ನಮ್ಮ ಗದ್ದೆಯ ನಾಟಿ. ಅಪ್ಪ, ಅವ್ವಿ, ಅಕ್ಕಪಕ್ಕದ ಮನೆಯವರು ಎಲ್ಲ ಸೇರಿ ಹದಿನೆಂಟು ಜನ ಗದ್ದೆಯಲ್ಲಿದ್ದರು. ನನ್ನ ಅಜ್ಜಿ ಹೊನ್ನು, ಎಪ್ಪತ್ತೆರಡರ ಮುದುಕಿ, ಅಷ್ಟೂ ಜನಕ್ಕೆ ಅನ್ನ, ಮೀನುಸಾರು ಮಾಡಲು ಮನೆಯಲ್ಲಿ ಉಳಿದಿದ್ದಳು. ಬೆಳಿಗ್ಗೆಯೇ ಫೋನಿನಲ್ಲಿ ಅವ್ವಿ ಹೇಳಿದ್ದಳು.

ನನ್ನ ಕೈಗೆ ಫೋನ್ ಹೇಗೆ ಬಂತೋ ಗೊತ್ತಿಲ್ಲ. ಅಪ್ಪನಿಗೆ ಮಾಡಿದೆ, ರಿಂಗಾಗಿ ನಿಂತಿತು. ಅವ್ವಿಗೆ ಮಾಡಿದೆ, ಅದೂ ಅಷ್ಟೇ. ಮಳೆಯಲ್ಲಿ ನೆನೆಯಬಾರದೆಂದು ಎಲ್ಲರ ಫೋನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಗದ್ದೆ ಬದುವಿನ ಮರಕ್ಕೆ ನೇತಾಡುತ್ತಿರುತ್ತವೆ. ಅಜ್ಜಿಯ ಬಟನ್ ಫೋನು ಸ್ವಿಚ್ ಆಫ್. ಪರದೆಯ ಮೇಲೆ ಎಪ್ಪತ್ಮೂರು. ರಸ್ತೆ ತಿರುವಿನಲ್ಲಿ ಗೂಡಂಗಡಿ ಇಟ್ಟುಕೊಂಡಿರುವ ನಾಗೇಶಣ್ಣನ ನಂಬರು ಹುಡುಕುವಾಗ ಬೆರಳು ಎರಡು ಸಲ ಬೇರೆ ಹೆಸರಿನ ಮೇಲೆ ಬಿತ್ತು.

“ನಾಗೇಶಣ್ಣಾ, ನಮ್ಮನೆಗೆ ಓಡು. ಅಜ್ಜಿನ್ನ ಹೊರಗೆ ಕರ್ಕಂಡು ಬಾ.”

“ಯಂತ ಆಯ್ತೆ ಸಂಧ್ಯಾ? ಇಲ್ಲಿ ಅಂಗ್ಡೀಲಿ ಗಿರಾಕಿ ಅದೆ...”

“ಅಂಗ್ಡಿ ಸಾಯ್ಲಿ ಮಾರಾಯಾ! ಓಡು ಅಂದೆ. ಫೋನ್ ಕಟ್ ಮಾಡೂಕಿಲ್ಲ.”

ಓಡಿದ, ಪಾಪ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಕೋಣೆಯಲ್ಲಿದ್ದ ನಾವು ಮೂವರೂ ಅವನ ಏದುಸಿರು, ಕೆಸರಿನಲ್ಲಿ ಚಪ್ಪಲಿಯ ಪಚಪಚ, ಕೊಡೆಯಿಲ್ಲದ ಅವನ ಮೇಲೆ ಹೊಯ್ಯುವ ಮಳೆ ಕೇಳುತ್ತ ನಿಂತೆವು. ಕಣ್ಣು ಪರದೆಯ ಮೇಲೆ. ಎಪ್ಪತ್ತೊಂಬತ್ತು. ಎಂಬತ್ತೆರಡು. ಮಧುಕರ ಸರ್ ಎದ್ದು ನಿಂತು, ಪ್ರತಿ ಅಂಕಿಯನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.

“ಬಂದೆ, ಬಂದೆ,” ಎಂದ ನಾಗೇಶಣ್ಣ. “ಹೊಗೆ ಅದೆ ಮನೇಲಿ. ಒಲೆ ಹೊಗೆಯೇ ಆಗಿರ್ಬೇಕು. ಹೊನ್ನಜ್ಜೀ! ಹೊನ್ನಜ್ಜೀ!”

ದೂರದಿಂದ ಅಜ್ಜಿಯ ದನಿ ಕೇಳಿತು. ಸಂತೆಯಲ್ಲಿ ಗಿರಾಕಿಗೆ ಉತ್ತರ ಕೊಡುವಷ್ಟೇ ಆರಾಮದ ದನಿ. “ಯಾರು, ನಾಗೇಶನ? ಅನ್ನ ಆಗ್ಲಿಲ್ಲ ಇನ್ನೂ. ಒಂದ್ ಗಳಿಗೆ ಕೂತ್ಕೊ.”

ನನಗೆ ಅಳು ಬಂತು. ಬದುಕಿದ್ದಾಳೆ. “ಅಣ್ಣಾ, ಚಾವಡಿ ಮೂಲೇಲಿ ನನ್ನ ಪೆಟ್ಗೆ ಅದೆ. ಅದ್ರ ಹತ್ರ ಹೋಗಬೇಡ. ಅಜ್ಜಿನ್ನ ಹಿತ್ಲ ಬಾಗ್ಲಿಂದ ಹೊರಗೆ ಕರ್ಕಂಡು ಹೋಗು.”

“ಚಾವಡೀಲಿ ಯಂತದೂ ಇಲ್ವಲೇ,” ಎಂದ ನಾಗೇಶಣ್ಣ. “ಅಜ್ಜೀ, ಸಂಧ್ಯಾನ ಪೆಟ್ಗೆ ಎಲ್ಲದೆ?”

“ಅಟ್ಟದ ಮೇಲೆ ಅದೆ. ಒಲೆ ಅಟ್ಟ,” ಎಂದಳು ಅಜ್ಜಿ. “ಬದ್ರ ಇಟ್ಟಿದ್ದೆ ಹೇಳು ಮಗಿಗೆ.”

ಪರದೆಯನ್ನು ನೋಡಿದೆ, ಫೋನನ್ನು ನೋಡಿದೆ, ಮತ್ತೆ ಪರದೆಯನ್ನು ನೋಡಿದೆ.

ನಮ್ಮ ಕಡೆಯ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆಯ ನೆತ್ತಿಗೆ ಬಿದಿರಿನ ಅಟ್ಟವೊಂದು ಇರುತ್ತದೆ. ಮಳೆಗಾಲದಲ್ಲಿ ಬಟ್ಟೆಗೂ ಬೂಸಲು ಹಿಡಿಯುವ ಊರು ನಮ್ಮದು. ಮುಂದಿನ ವರ್ಷಕ್ಕೆ ಉಳಿಯಬೇಕಾದದ್ದೆಲ್ಲ ಆ ಅಟ್ಟಕ್ಕೆ ಹೋಗುತ್ತದೆ. ಸೌತೆ ಬೀಜ, ಬೆಂಡೆ ಬೀಜ, ಹರಿವೆ ಬೀಜ, ಒಣಮೀನು, ಮುರುಗಲ ಸಿಪ್ಪೆ, ಎಲ್ಲ. ಕೆಳಗಿನ ಬಿಸಿ, ಹೊಗೆ ತಾಗುತ್ತಿದ್ದರೆ ತೇವ ಮುಟ್ಟುವುದಿಲ್ಲ, ಹುಳ ಬೀಳುವುದಿಲ್ಲ. ಕಳೆಯಬಾರದ ವಸ್ತುವಿಗೆ ಮನೆಯಲ್ಲಿ ಅದಕ್ಕಿಂತ ದೊಡ್ಡ ಜಾಗವೇ ಇಲ್ಲ. ಅಜ್ಜಿ ನನ್ನ ಪೆಟ್ಟಿಗೆಯನ್ನು ಬೀಜದ ಸಾಲಿಗೆ ಸೇರಿಸಿದ್ದಳು.

ಸೇರಿಸದೆ ಇನ್ನೇನು? ಹೇಳಿದವಳು ನಾನೇ. ಏಪ್ರಿಲಿನಲ್ಲಿ ಪೆಟ್ಟಿಗೆ ತಂದು ಕೂರಿಸಿದ ದಿನ ಅಜ್ಜಿ ಅದರ ಸುತ್ತ ಒಂದು ಸುತ್ತು ಬಂದು, “ಇದ್ರಾಗೆ ಯಂತ ಅದೆ?” ಎಂದು ಕೇಳಿದ್ದಳು. ಬಿಸಿಲು ಎಂದಿದ್ದೆ, ಹಗಲು ತುಂಬಿಟ್ಟು ಸಂಜೆ ತೆಗೆಯುವ ಬಿಸಿಲು. ಅಜ್ಜಿಗೆ ಅದು ಬಹಳ ಹಿಡಿಸಿತು. ಅವತ್ತಿನಿಂದ ಅವಳ ಬಾಯಲ್ಲಿ ಅದು ಬಿಸಿಲಿನ ಪೆಟ್ಟಿಗೆ. ನಾನು ಅಷ್ಟಕ್ಕೇ ಬಿಡಲಿಲ್ಲ. ಕೋಳಿ, ಬೆಕ್ಕು, ನೆಲ ಸಾರಿಸುವ ನೀರು ಎಲ್ಲದರ ಭಯ ನನಗೆ. ಬೆರಳೆತ್ತಿ ಹೆದರಿಸಿದ್ದೆ: “ಅಜ್ಜೀ, ಒಂದು ಹನಿ ನೀರು ತಾಗೂಕಿಲ್ಲ. ನನ್ನ ಓದೆಲ್ಲ ಇದ್ರಾಗೆ ಅದೆ. ಇದು ಹಾಳಾದ್ರೆ ನಾ ಫೇಲು.” ಬಿಸಿಗೆ ಇಡಬೇಡ ಎಂದು ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದೆ.

ಹನ್ನೊಂದು ದಿನದ ಹಿಂದೆ ದೊಡ್ಡ ಮಳೆ ಬಂದು ಚಾವಡಿಯ ಮಾಡು ಸೋರಿರಬೇಕು. ಒಂಬತ್ತು ಕಿಲೋ ತೂಕದ ಪೆಟ್ಟಿಗೆಯನ್ನು ಮುದುಕಿ ಹೊತ್ತು ಏಣಿ ಹತ್ತಿದ್ದಾಳೆ. ಇರಲಿ ಎಂದು ನಾನು ಉದ್ದ ಬಿಟ್ಟು ಸುತ್ತಿಟ್ಟಿದ್ದ ವೈರು ಅಡುಗೆಮನೆಯವರೆಗೂ ಸಲೀಸಾಗಿ ಸಾಲಿದೆ. ಬೆಳಿಗ್ಗೆ ಏಳಕ್ಕೆ ಗಂಜಿ, ಸಂಜೆ ಏಳಕ್ಕೆ ಅನ್ನ. ನಾನು ಗೆರೆಯಿಂದ ಅಳಿಸಿದ ಏರುಗಳೆಲ್ಲ ನಮ್ಮ ಮನೆಯ ಅಡುಗೆಯ ಹೊತ್ತುಗಳು. ಇವತ್ತು ಹದಿನೆಂಟು ಜನರ ಅಡುಗೆ, ಬೆಳಿಗ್ಗೆಯಿಂದ ಒಂದೇ ಸಮನೆ ಒಲೆ ಉರಿದಿದೆ.

ತೊಂಬತ್ನಾಲ್ಕು.

“ಅಜ್ಜೀ, ನಿನ್ನ ಪೆಟ್ಗೆಯಿಂದ ಹೊಗೆ ಬರ್ತದೆ!” ನಾಗೇಶಣ್ಣ ಒಳಗೆ ಹೋಗಿದ್ದ. “ಬಿಳೀ ಹೊಗೆ. ನಾತ ಯಂತದೋ. ಕೊಡಪಾನ ಎಲ್ಲಿ? ನೀರು ಸೊಯ್ತೆ.”

“ನೀರು ಸೊಯ್ದ್ರೆ ಕೈ ಮುರೀತೆ!” ಅಜ್ಜಿ ಕಿರುಚಿದಳು. ಅವಳು ಕಿರುಚಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. “ನಮ್ಮ ಮಗಿ ಓದು ಅದೆ ಅದ್ರಾಗೆ. ಒಂದು ಹನಿ ತಾಗೂಕಿಲ್ಲ ಹೇಳಿ ಹೋಗಿದೆ. ಸರಿ ಅತ್ಲಾಗೆ, ನಾ ಇಳಿಸ್ತೆ.”

ಏಣಿ ಎಳೆದ ಸದ್ದು ಬಂತು.

“ಅಣ್ಣಾ, ಫೋನು ಸ್ಪೀಕರಿಗೆ ಹಾಕಿ ಅಜ್ಜಿಗೆ ಕೇಳೂ ಹಂಗೆ ಹಿಡಿ!” ಎಂದು ಕೂಗಿದೆ. “ಅಜ್ಜೀ, ನಾನೆ, ಸಂಧ್ಯಾ. ಅದ್ನ ಬಿಟ್ಟು ಹೊರಗೆ ಬಾ. ಈಗ್ಲೇ ಬಾ.”

“ನೀ ಹೆದ್ರೂಕಿಲ್ಲ ಮಗಾ. ನಿನ್ನ ಓದು ಹಾಳಾಗೂಕೆ ನಾ ಬಿಡೂದಿಲ್ಲ.”

“ಓದು ಹಾಳಾಗ್ಲಿ ಅಜ್ಜೀ. ಅದು ಒಡೀತದೆ. ಬಾಂಬಿನ ಹಂಗೆ ಒಡೀತದೆ.”

“ಹಂಗಾರೆ ಮತೂ ಬೇಗ ತೆಗೀಬೇಕಲ,” ಎಂದಳು ಅಜ್ಜಿ, ನನಗೆ ಅಷ್ಟೂ ತಿಳಿಯುವುದಿಲ್ಲವೇ ಎಂಬಂತೆ. “ಏ ನಾಗೇಶಾ, ಏಣಿ ಗಟ್ಟಿ ಹಿಡ್ಕೊ.”

ನೂರನಾಲ್ಕು. ನೂರೊಂಬತ್ತು.

ಆ ಕೋಣೆಯಲ್ಲಿ ಬ್ಯಾಟರಿ ಬಲ್ಲವರು ಮೂವರಿದ್ದೆವು. ಒಬ್ಬರು ಡಾಕ್ಟರೇಟು, ಇನ್ನೊಬ್ಬರು ಡಾಕ್ಟರೇಟಿನ ಮೇಲೆ ಇಪ್ಪತ್ತು ವರ್ಷದ ಪಾಠ. ಎಂಬತ್ತು ಪುಟದ ವರದಿ ಮೇಜಿನ ಮೇಲಿತ್ತು. ಅದರಲ್ಲಿ ಎಲ್ಲ ಇತ್ತು, ಯಾವ ಡಿಗ್ರಿಗೆ ಯಾವ ಅನಿಲ ಹೊರಡುತ್ತದೆ ಎನ್ನುವುದೂ. ಏಣಿ ಹತ್ತುತ್ತಿರುವ ಅಜ್ಜಿಯನ್ನು ಇಳಿಸುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅವಳನ್ನು ಬಲ್ಲವಳು ಅಲ್ಲಿ ನಾನೊಬ್ಬಳೇ. ಅವಳು ಬೆಂಕಿಗೆ ಹೆದರುವವಳಲ್ಲ, ಸಾವಿಗೂ ಅಷ್ಟಕ್ಕಷ್ಟೇ. ನಾನು ಫೇಲಾಗುತ್ತೇನೆ ಎನ್ನುವುದೊಂದಕ್ಕೆ ಹೆದರಿದ್ದಳು, ಆ ಹೆದರಿಕೆ ಹಾಕಿದವಳು ನಾನು.

“ಅಜ್ಜೀ,” ಎಂದೆ. “ನಾ ಪಾಸಾದೆ.”

ಆ ಕಡೆ ಸದ್ದು ನಿಂತಿತು.

“ಯಂತ?”

“ಪಾಸಾದೆ ಅಜ್ಜೀ. ಫಸ್ಟ್ ಕ್ಲಾಸು. ಈಗಷ್ಟೇ ಹೇಳಿದ್ರು. ಇನ್ನು ಆ ಪೆಟ್ಗೆ ಬೇಡ, ಅದ್ರ ಕೆಲ್ಸ ಮುಗೀತು.”

“ಸುಳ್ಳು ಹೇಳ್ತೆ ನೀ.”

ರಂಜನಾ ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದು, ಮೇಜಿನ ಮೇಲಿದ್ದ ಫೋನಿಗೆ ಬಾಗಿದರು.

“ನಮಸ್ಕಾರ ಅಜ್ಜಿ. ನಾನು ಪರೀಕ್ಷೆ ಮಾಡ್ಲಿಕ್ಕೆ ಬಂದಾಕಿ. ನಿಮ್ಮ ಮೊಮ್ಮಗಳು ಪಾಸ್ ಆಗ್ಯಾಳ. ನಾನ ಪಾಸ್ ಮಾಡೇನಿ. ನಿಮ್ಮ ಜೋಡಿ ಒಂಚೂರು ಮಾತಾಡೂದೈತಿ, ಒಳಗ ಸರಿಯಾಗಿ ಕೇಳವಲ್ದು. ಅಂಗಳಕ್ಕ ಬರ್ರಿ.”

ಅಷ್ಟು ಹೊತ್ತೂ ಪುಸ್ತಕದ ಭಾಷೆ ಆಡುತ್ತಿದ್ದ ಮೇಡಂ ತಮ್ಮೂರ ಮಾತಿಗೆ ಇಳಿದಿದ್ದರು. ಅವರ ಕೈ ಮೇಜನ್ನು ಒತ್ತಿ ಹಿಡಿದಿತ್ತು.

“ಹೌದನ್ರಾ?” ಎಂದಳು ಅಜ್ಜಿ. ಆ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. “ಬಂದೆ, ಬಂದೆ. ಏ ನಾಗೇಶಾ, ಕೇಳ್ದೆ ಅಲ್ಲ, ನಮ್ಮ ಮಗಿ ಪಾಸಾಯ್ತಂತೆ. ಕೈ ಹಿಡಿ, ಇಳೂದೆ.”

ನೂರಿಪ್ಪತ್ತಾರು. ನೂರಮೂವತ್ತೇಳು. ನಾಗೇಶಣ್ಣನ ಏದುಸಿರು, ಹೊಸ್ತಿಲು ದಾಟಿದ ಮೇಲೆ ಮತ್ತೆ ಮಳೆಯ ಸದ್ದು. ನೂರನಲವತ್ಮೂರು. ಆಮೇಲೆ ಫೋನಿನಲ್ಲಿ ಒಂದು ಸದ್ದಾಯಿತು. ಪಟಾಕಿ ಸರದ ಸದ್ದೇ, ಆದರೆ ಹೆಂಚು ಒಡೆದು ಬೀಳುವ ಸದ್ದೂ ಅದರಲ್ಲಿ ಸೇರಿತ್ತು. ಯಾರೋ ಕೂಗಿದರು. ಫೋನ್ ಸತ್ತಿತು. ಪರದೆಯ ಗೆರೆ ಅಲ್ಲೇ ತುಂಡಾಗಿ, ಮುಂದೆ ಬರೀ ಬಿಳಿ ಜಾಗ ಉಳಿಯಿತು.

ಅಲ್ಲಿಂದ ಹನ್ನೆರಡು ನಿಮಿಷ ನಮಗೆ ಏನೂ ಗೊತ್ತಾಗಲಿಲ್ಲ. ನಾಗೇಶಣ್ಣನ ನಂಬರಿಗೆ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಒಬ್ಬ ಹೆಂಗಸು ಸವಿಯಾಗಿ ಹೇಳುತ್ತಿದ್ದಳು. ಅವಳ ಗಂಟಲು ಹಿಚುಕಬೇಕು ಎನ್ನಿಸಿತು. ನಾನು ನೆಲದ ಮೇಲೆ ಕುಳಿತುಬಿಟ್ಟಿದ್ದೆನಂತೆ. ಮಧುಕರ ಸರ್ ನೀರಿನ ಬಾಟಲಿ ಹಿಡಿದು ಎದುರು ಕುಕ್ಕರಗಾಲಲ್ಲಿ ಕೂತು, “ಕುಡಿ ಸಂಧ್ಯಾ, ಒಂದು ಗುಟುಕು ಕುಡಿ,” ಎನ್ನುತ್ತಿದ್ದದ್ದು ಮಾತ್ರ ನೆನಪಿದೆ. ಬಾಟಲಿಯ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ವೈವಾಕ್ಕೆಂದು ಅವತ್ತು ಸೀರೆ ಉಟ್ಟಿದ್ದೆ.

ಹನ್ನೆರಡನೆಯ ನಿಮಿಷಕ್ಕೆ ಅಪ್ಪನ ಫೋನ್ ಬಂತು. ಸದ್ದು ಕೇಳಿ ಗದ್ದೆಯಲ್ಲಿದ್ದವರೆಲ್ಲ ಓಡಿ ಬಂದಿದ್ದರು. ಅಪ್ಪ ಏನು ಕೂಗಿದನೋ ಅರ್ಧ ತಿಳಿಯಲಿಲ್ಲ, ‘ಅಜ್ಜಿ ಅದೆ’, ಬದುಕಿದ್ದಾಳೆ, ಎನ್ನುವುದಷ್ಟೇ ಮೊದಲು ತಿಳಿಯಿತು. ಉಳಿದದ್ದು ತಿರುಗಿ ತಿರುಗಿ ಕೇಳಿದ ಮೇಲೆ. ಬೆನ್ನ ಹಿಂದೆ ಹಾರಿ ಬಂದ ಕೆಂಡದಂಥ ತುಣುಕು ಅವಳ ಎಡತೋಳನ್ನು ಸುಟ್ಟಿದೆ. 108 ಬಂದು ಅಂಕೋಲೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ. ನಾಗೇಶಣ್ಣನಿಗೆ ಏನೂ ಆಗಿಲ್ಲ, ಅವನ ಫೋನು ಮಾತ್ರ ಕೆಸರಿಗೆ ಬಿದ್ದು ಹೋಗಿದೆ. ಅಡುಗೆಮನೆ ಇಲ್ಲ.

ಬ್ಯಾಗು ಎತ್ತಿಕೊಂಡು ಓಡುವವಳಿದ್ದೆ. ಬಾಗಿಲ ಬಳಿ ರಂಜನಾ ಮೇಡಂ ತಡೆದರು. ಕೈಯಲ್ಲಿ ನನ್ನ ವರದಿ, ಐವತ್ತೊಂದನೆಯ ಪುಟ. ಕೆರೆಯ ನೀರಿನಂಥ ನನ್ನ ಗೆರೆ.

“ನೀನು ಹೋಗು, ತಡೆಯುವುದಿಲ್ಲ. ಒಂದೇ ಮಾತು. ಹನ್ನೊಂದು ದಿನ ಒಲೆಯ ಮೇಲಿದ್ದ ಪೆಟ್ಟಿಗೆ ಇಲ್ಲಿ ಮೂವತ್ತೆರಡು ಡಿಗ್ರಿ ತೋರಿಸುತ್ತಿದೆ. ಹೇಗೆ?”

ಸುಳ್ಳು ಹೇಳುವ ಶಕ್ತಿ ಅವತ್ತಿಗೆ ನನ್ನಲ್ಲಿ ಮುಗಿದಿತ್ತು. “ಅಳಿಸಿದೆ ಮೇಡಂ,” ಎಂದೆ. “ತಪ್ಪು ಅಳತೆ ಎಂದು ನಾನೇ ಅಳಿಸಿದೆ.”

ಅವರು ಪುಟ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. “ಫೋನಿನಲ್ಲಿ ಹೇಳಿದ್ದು ಹೇಳಿದೆ. ಅದನ್ನು ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ ಸಂಧ್ಯಾ,” ಎಂದರು. “ಆರು ತಿಂಗಳು ಬಿಟ್ಟು, ಅಳಿಸದೆ ಇದ್ದದ್ದನ್ನು ತೆಗೆದುಕೊಂಡು ಬಾ.”

ಮಧುಕರ ಸರ್ ತಮ್ಮ ಕಾರಿನಲ್ಲೇ ಕರೆದುಕೊಂಡು ಹೊರಟರು. ಕಾಳಿ ಸೇತುವೆಯ ಮೇಲೆ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ಅವರು ಹಾರ್ನ್ ಹೊಡೆದದ್ದೇ ಹೊಡೆದದ್ದು, ಎಂದೂ ಯಾರಿಗೂ ಹಾರ್ನ್ ಹೊಡೆಯದ ಮನುಷ್ಯ. ಕಾರವಾರ ಪೇಟೆ ದಾಟಿತು. ಬಿಣಗಾ ದಾಟುವಾಗ ಅವರು ಮೆಲ್ಲಗೆ, “ಆ ಗೆರೆ ಅಷ್ಟು ಸಪಾಟು ಯಾಕೆ ಅಂತ ನಾನು ಒಂದು ಸಲ ಕೇಳಿದ್ದೆ. ಇನ್ನೊಂದು ಸಲ ಕೇಳಬೇಕಿತ್ತು. ಸಹಿ ನಂದೂ ಅದೆ ಅಲ್ಲಿ,” ಎಂದರು. ನನಗೆ ದಾರಿಯುದ್ದಕ್ಕೂ ಒಂದೇ ಯೋಚನೆ ಬರುತ್ತಿತ್ತು: ಬಿಳಿ ಹೊಗೆ ಎಷ್ಟು ಹೊತ್ತು ಕುಡಿದಳು, ಏಣಿಯ ಮೇಲೆ ಎಷ್ಟು ಹೊತ್ತು ಇದ್ದಳು.

ಆಸ್ಪತ್ರೆಯಲ್ಲಿ ಅವ್ವಿ ಜಗಲಿಯಲ್ಲೇ ಸಿಕ್ಕಿದಳು. ಮೊಣಕಾಲಿನವರೆಗೆ ಗದ್ದೆಯ ಕೆಸರು ಹಾಗೇ ಒಣಗಿತ್ತು. ಡಾಕ್ಟರು ಎಕ್ಸ್-ರೇ ನೋಡಿದ್ದಾರೆ, ಶ್ವಾಸಕೋಶ ಸರಿಯಿದೆ, ಎರಡು ದಿನ ಇಲ್ಲೇ ಇರಲಿ ಎಂದಿದ್ದಾರೆ ಎಂದಳು. ಆಮೇಲೆ ನನ್ನ ಮುಖ ನೋಡದೆ, “ಬೀಜ ಎಲ್ಲ ಹೋಯ್ತು,” ಎಂದಳು. ಅವ್ವಿ ಅಂಕೋಲೆ ಪೇಟೆಯಲ್ಲಿ ಮಾರುವ ತರಕಾರಿಯೆಲ್ಲ ಆ ಬೀಜದ್ದು. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪದೆ ಉಳಿಸಿಕೊಂಡು ಬಂದ ಬೀಜ. ನಾನು ಅವ್ವಿಯ ಕೈ ಹಿಡಿದೆ, ಅವಳು ಬಿಡಿಸಿಕೊಳ್ಳಲಿಲ್ಲ, ಒತ್ತಲೂ ಇಲ್ಲ.

ಒಳಗೆ ಅಜ್ಜಿ ಮಂಚದ ಮೇಲೆ ರಾಣಿಯ ಹಾಗೆ ಕುಳಿತಿದ್ದಳು. ಎಡತೋಳಿಗೆ ಬಿಳಿ ಬ್ಯಾಂಡೇಜು, ಹುಬ್ಬು ಅರ್ಧ ಸುಟ್ಟಿತ್ತು. ಪಕ್ಕದ ಮಂಚದ ಹೆಂಗಸಿಗೆ, ಅವಳ ಮಗಳಿಗೆ, ಗುಳಿಗೆ ಕೊಡಲು ಬಂದ ನರ್ಸಿಗೆ ಒಂದೇ ಸುದ್ದಿ ಹೇಳುತ್ತಿದ್ದಳು. ನನ್ನನ್ನು ಕಂಡವಳೇ ಬಲಗೈಯನ್ನು ಎತ್ತಿದಳು.

“ಇದೇ, ಇದೇ ನಮ್ಮ ಮಗಿ. ಇವತ್ತೇ ಪಾಸಾಯ್ತು. ಫಸ್ಟ್ ಕ್ಲಾಸು. ದೊಡ್ಡ ಮೇಡಮ್ಮು ನನ್ನ ಹತ್ರವೇ ಮಾತಾಡ್ತು ಫೋನಲ್ಲಿ.”

ನರ್ಸು ನನ್ನ ಕೈ ಕುಲುಕಿದಳು. ಪಕ್ಕದ ಮಂಚದ ಹೆಂಗಸು ಕಿತ್ತಳೆ ಹಣ್ಣು ಕೊಟ್ಟಳು. ಅವರೆಲ್ಲ ಅತ್ತ ಹೋಗುವವರೆಗೆ ನಾನು ಕಿತ್ತಳೆ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಅಜ್ಜಿಯ ಪಕ್ಕ ಕುಳಿತೆ. ನಾಳೆ ಹೇಳಿದರಾಯಿತು ಎಂದು ಮನಸ್ಸು ಹೇಳಿತು. ಆದರೆ ಇಂಥದೇ ‘ಇರಲಿ ಬಿಡು’ಗಳಿಂದ ಅವಳ ತೋಳು ಸುಟ್ಟಿತ್ತು.

“ಅಜ್ಜೀ, ನಾ ಪಾಸಾಗ್ಲಿಲ್ಲ.”

ಅವಳು ನಕ್ಕಳು. “ಹೋಗೆ. ಮೇಡಮ್ಮೇ ಹೇಳ್ತು.”

“ನಿನ್ನ ಹೊರಗೆ ತರೂಕೆ ಹಂಗೆ ಹೇಳಿದ್ರು. ನಾನೂ ಸುಳ್ಳೇ ಹೇಳ್ದೆ. ಪೆಟ್ಗೆ ಸುಟ್ಟಿದ್ದು ನೀ ಅಟ್ಟಕ್ಕೆ ಇಟ್ಟಿದ್ದಕ್ಕಲ್ಲ ಅಜ್ಜೀ. ಅದು ಬಿಸಿ ಆಗ್ತದೆ ಹೇಳಿ ನಂಗೆ ಹನ್ನೊಂದು ದಿನದಿಂದ ಗೊತ್ತಿತ್ತು. ನಾ ನಿನ್ನ ಕೇಳ್ಲಿಲ್ಲ. ತಪ್ಪು ನಂದು.”

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಬೈಯುತ್ತಾಳೆ, ಅಥವಾ ತಲೆ ಸವರಿ ಇರಲಿ ಮಗಾ ಎನ್ನುತ್ತಾಳೆ ಎಂದುಕೊಂಡಿದ್ದೆ. ಬೈದರೆ ಏನು ಹೇಳಬೇಕು, ತಲೆ ಸವರಿದರೆ ಹೇಗೆ ಅಳು ತಡೆಯಬೇಕು ಎಂದು ಕಾರಿನಲ್ಲೇ ಲೆಕ್ಕ ಹಾಕಿದ್ದೆ. ಅಜ್ಜಿ ಎರಡೂ ಮಾಡಲಿಲ್ಲ. ದಿಂಬಿನಿಂದ ಮುಂದಕ್ಕೆ ಬಾಗಿ, ಸುಟ್ಟ ಹುಬ್ಬಿನ ಕೆಳಗಿನಿಂದ ನನ್ನನ್ನೇ ನೋಡಿದಳು.

“ಹಂಗಾರೆ ನನ್ನ ಯಂತಕೆ ಕೆಳಗೆ ಇಳಿಸ್ದೆ?” ಎಂದಳು.

“ಯಂತ ಅಜ್ಜೀ?” ಎಂದೆ.

“ಎರಡೇ ಮೆಟ್ಲು ಬಾಕಿ ಇತ್ತು. ಕೈ ತಾಗಿತ್ತು ನಂಗೆ ಪೆಟ್ಗೆಗೆ.” ಅವಳ ದನಿ ಸಿಟ್ಟಿನಿಂದ ಒಡೆಯುತ್ತಿತ್ತು. “ಪಾಸಾಯ್ತು ಅಂದೆ ಹೇಳಿ ಬಿಟ್ಟು ಬಂದೆ. ನೀ ಪಾಸಾಗ್ಲಿಲ್ಲ ಹೇಳಿ ಗೊತ್ತಿದ್ರೆ ನಾ ಇಳೀತೇ ಇರ್ಲಿಲ್ಲ.”

ಅವಳು ಸುಮ್ಮನೆ ಹೇಳುತ್ತಿರಲಿಲ್ಲ. ನಾನು ಅವಳ ಬಲಗೈಯನ್ನು ಮಗುಚಿ ನೋಡಿದೆ. ನಾಲ್ಕು ಬೆರಳ ತುದಿಯಲ್ಲೂ ಸಾಲಾಗಿ ಗುಳ್ಳೆ ಎದ್ದಿತ್ತು. ಬ್ಯಾಂಡೇಜು ಕಟ್ಟಿದವರು ಅದನ್ನು ನೋಡಿರಲಿಲ್ಲ, ಅವಳು ತೋರಿಸಿರಲೂ ಇಲ್ಲ. ಅಜ್ಜಿ ಕೈ ಕಿತ್ತುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕರೆದೆ, ತಿರುಗಲಿಲ್ಲ. ಕಿತ್ತಳೆ ಬಿಡಿಸಿ ಕೊಟ್ಟೆ, ಮುಟ್ಟಲಿಲ್ಲ. ಜೀವ ಉಳಿಸಿದ್ದಕ್ಕೆ ನನ್ನ ಮೇಲೆ ಅವಳಿಗೆ ಬಂದ ಸಿಟ್ಟು ಅವತ್ತು ಸಂಜೆಯವರೆಗೂ ಇಳಿಯಲಿಲ್ಲ.